ಅಕ್ಕ ನೀರು ಕುಡಿಯುವುದನ್ನು ಬಿಟ್ಟ ಬೇಸಿಗೆ

ನಮ್ಮ ಮನೆಯಲ್ಲಿ ಮೂವರ ಕಾಲುಗಳು ಬಾಗಿದ್ದವು. ಅವ್ವನವು, ಅಕ್ಕನವು, ನನ್ನವು. ನಿಂತರೆ ಪಾದಗಳು ಒಂದಕ್ಕೊಂದು ತಾಗುತ್ತಿದ್ದವು, ಮಂಡಿಗಳ ನಡುವೆ ಮಾತ್ರ ಒಂದು ತಂಬಿಗೆ ಹಿಡಿಸುವಷ್ಟು ಜಾಗ ಉಳಿಯುತ್ತಿತ್ತು. ಸಣ್ಣವರಿದ್ದಾಗ ಹಾಲು ಕುಡಿಯದ್ದರಿಂದ ಹೀಗಾಗಿದೆ ಎಂದು ಹಾವೇರಿಯ ನಮ್ಮ ಓಣಿಯ ಜನ ಹೇಳುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಹುಬ್ಬಳ್ಳಿಯ ಡಾಕ್ಟರೊಬ್ಬರು ಮೂವರನ್ನೂ ಸಾಲಾಗಿ ನಿಲ್ಲಿಸಿ ನೋಡಿದರು. ಇದಕ್ಕೂ ಹಾಲಿಗೂ ಸಂಬಂಧವಿಲ್ಲ, ತಾಯಿಯಿಂದ ಮಕ್ಕಳಿಗೆ ಬಂದ ರೋಗ ಎಂದರು. ಎಲುಬು ಗಟ್ಟಿಯಾಗಲು ಬೇಕಾದ ರಂಜಕವನ್ನು ನಮ್ಮ ಮೂತ್ರಪಿಂಡಗಳು ಹಿಡಿದಿಟ್ಟುಕೊಳ್ಳುವುದಿಲ್ಲ, ಅದು ಮೂತ್ರದಲ್ಲಿ ಸೋರಿ ಹೋಗುತ್ತದೆ ಎಂದು ತಾಳ್ಮೆಯಿಂದ ತಿಳಿಸಿ ಹೇಳಿದರು. ಅವ್ವನಿಗೆ ಅದರಲ್ಲಿ ಒಂದೇ ಮಾತು ಅರ್ಥವಾಯಿತು. ಮನೆಗೆ ಬಂದವಳೇ ಅಪ್ಪನಿಗೆ ಹೇಳಿದಳು:

“ನಮ್ಮ ಎಲುಬು ಉಚ್ಚಿಯೊಳಗ ಕರಗಿ ಹೊಂಟೈತಂತ.”

ಆಗ ನಾನು ನಕ್ಕೆ. ಅಕ್ಕ ನಗಲಿಲ್ಲ. ನನಗಿಂತ ಆರು ವರ್ಷ ದೊಡ್ಡವಳಾದ ಅವಳು ಆ ಮಾತನ್ನು ಎಷ್ಟು ಗಟ್ಟಿಯಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನಮ್ಮ ಮನೆಯ ಭಯವೆಲ್ಲ ಬೀಳುವುದರ ಮೇಲಿತ್ತು. ಅಕ್ಕ ಕಾಲೇಜಿಗೆ ಹೋಗುತ್ತಿದ್ದಾಗ ಒಂದು ಬೆಳಿಗ್ಗೆ ಅಂಗಳದಲ್ಲಿ ಯಾರೋ ಕರೆದರೆಂದು ಥಟ್ಟನೆ ತಿರುಗಿದಳು, ಅಷ್ಟೇ. ತೊಡೆಯ ಎಲುಬು ಬಿರುಕು ಬಿಟ್ಟಿತು. ಆ ವರ್ಷ ಅವಳು ಹಾಸಿಗೆಯಲ್ಲೇ ಕಳೆದಳು, ಕಾಲೇಜು ಅಲ್ಲಿಗೇ ನಿಂತಿತು. ಅದಾದ ಮೇಲೆ ಅವ್ವ ನಮ್ಮಿಬ್ಬರನ್ನು ಏಳಲು ಬಿಡಲಿಲ್ಲ. ನೀರು ಬೇಕೆಂದರೆ ತಾನೇ ತರುತ್ತಿದ್ದಳು, ಬುತ್ತಿ ಕಟ್ಟಿ ಕೈಗೇ ಕೊಡುತ್ತಿದ್ದಳು. ಅವಳ ಕಾಲೂ ನಮ್ಮಂಥವೇ, ಆದರೂ ಗೋಡೆ ಹಿಡಿದುಕೊಂಡು ಅಡುಗೆಮನೆಗೂ ಪಡಸಾಲೆಗೂ ತಿರುಗುತ್ತಲೇ ಇದ್ದಳು. “ನೀವು ಕುಂದರ್ರಿ, ನಾ ತರತೇನಿ.” ನಮ್ಮ ಮನೆಯಲ್ಲಿ ಪ್ರೀತಿ ಅಂದರೆ ಈ ಮಾತು. ನಾವು ಕುಳಿತೆವು. ಕುಳಿತಲ್ಲಿಗೇ ತುಪ್ಪ ಬಂತು, ಶೇಂಗಾ ಹೋಳಿಗೆ ಬಂತು. ಅಕ್ಕ ದಪ್ಪಗಾದಳು, ನಾನೂ ಆದೆ. ಮೈಗೆ ಹತ್ತಿದೆ, ಎಲುಬಿಗೂ ಹತ್ತಲಿ ಎಂದು ಅವ್ವ ಸಮಾಧಾನಪಟ್ಟಳು.

ಅವ್ವ ತೀರಿಕೊಂಡದ್ದು ಒಂದು ಮಧ್ಯಾಹ್ನ. ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತವಳು ಬೆನ್ನು ನೋಯುತ್ತದೆ ಎಂದಳು. ಬೆನ್ನು ನೋವು ನಮಗೆ ಹೊಸದೇನಲ್ಲ. ಅಕ್ಕ ಎಣ್ಣೆ ಬಿಸಿ ಮಾಡಿ ತಿಕ್ಕಿದಳು. ಅವ್ವನ ಮೈಯಿಂದ ಬೆವರು ಇಳಿಯುತ್ತಿತ್ತು, ಬೇಸಿಗೆಯೆಂದು ನಾವು ಫ್ಯಾನು ಜೋರು ಮಾಡಿದೆವು. ಅಪ್ಪ ಆಟೋ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಸ್ಪತ್ರೆಯವರು ಹೃದಯ ನಿಂತಿದೆ ಎಂದರು. ಮಣ್ಣಿಗೆ ಬಂದ ಬಂಧುಗಳು, ಪಾಪ, ಎಲುಬು ಸವೆದು ಸವೆದು ಹೋದಳು ಎಂದರು. ನಾವು ನಂಬಿದ್ದು ಬಂಧುಗಳ ಮಾತನ್ನು. ನನಗೆ ನೆನಪಿರುವಂತೆ ಅವ್ವನ ತೋಳಿಗೆ ಯಾರೂ ಒಮ್ಮೆಯೂ ಬಿಪಿ ಪಟ್ಟಿ ಕಟ್ಟಿರಲಿಲ್ಲ. ಅವಳು ಯಾವ ದವಾಖಾನೆಗೆ ಹೋದರೂ ಕಾಲಿನ ಎಕ್ಸ್‌ರೇ ತೆಗೆದು ಕಳಿಸುತ್ತಿದ್ದರು.

ಇದಾದ ಕೆಲವು ವರ್ಷಗಳಿಗೆ ಅಪ್ಪನೂ ಹೋದರು. ಅಷ್ಟರಲ್ಲಿ ನನಗೆ ರಾಣೆಬೆನ್ನೂರಿನಲ್ಲಿ ಮದುವೆಯಾಗಿತ್ತು. ನಾನು ಬೀಜದ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಬಿಲ್ಲು ಮಾಡುತ್ತೇನೆ. ನನ್ನ ಗಂಡನದು ಬಾಡಿಗೆ ಕಾರು. ಒಬ್ಬಳೇ ಮಗಳು, ಅವಳಿಗೂ ನಮ್ಮ ರೋಗ ಬಂದಿದೆ. ಕೂಸಿದ್ದಾಗಿನಿಂದ ಔಷಧ ಕುಡಿಯುತ್ತ ಬಂದದ್ದರಿಂದ ಅವಳ ಕಾಲು ನಮ್ಮಷ್ಟು ಬಾಗಿಲ್ಲ. ಅಕ್ಕ ಮದುವೆಯಾಗಲಿಲ್ಲ. ಹಾವೇರಿಯ ಮನೆ ಬಿಟ್ಟು ಬ್ಯಾಡಗಿಯಲ್ಲಿ ಮೆಟ್ಟಿಲಿಲ್ಲದ ಒಂದು ಬಾಡಿಗೆ ಮನೆ ಹಿಡಿದು, ಸೀರೆಗೆ ಫಾಲ್ ಹಚ್ಚಿ, ಜಂಪರು ಹೊಲಿದು ಬದುಕಿದಳು. ಅವಳ ಕೈಕೆಲಸ ಒಳ್ಳೆಯದು, ಮದುವೆಯ ದಿನಗಳಲ್ಲಿ ಬಾಗಿಲ ಮುಂದೆ ಸೀರೆಯ ಚೀಲಗಳು ಸಾಲಾಗಿರುತ್ತಿದ್ದವು.

ಅಲ್ಲಿದ್ದಾಗಲೇ ಒಂದು ಬೇಸಿಗೆಯಲ್ಲಿ ಅವಳಿಗೆ ಬಾಯಾರಿಕೆ ಶುರುವಾಯಿತು. ಮೊದಲು ಯಾರಿಗೂ ಏನೂ ಅನ್ನಿಸಲಿಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿಯಲ್ಲೇ ಘಾಟು ಇರುತ್ತದೆ. ಲಾರಿಗಳು ಬಂದು ಹೋಗುವ ರಸ್ತೆಯ ಮನೆಗಳಲ್ಲಿ ಎಲ್ಲರ ಗಂಟಲೂ ಒಣಗುತ್ತದೆ. ನಾನು ರವಿವಾರ ಹೋದಾಗ ಅವಳು ಮಾತಿನ ನಡುನಡುವೆ ತಂಬಿಗೆ ಎತ್ತುತ್ತಿದ್ದಳು.

“ಏನಕ್ಕಾ, ಇಷ್ಟ್ಯಾಕ ನೀರು ಕುಡ್ಯಾಕತ್ತೀದಿ?”

“ಘಾಟು ನೋಡವಾ. ನಿಮ್ಮ ರಾಣೆಬೆನ್ನೂರಾಗ ಇದ್ರ ನಿನಗೇನ್ ಗೊತ್ತಾಗಬೇಕು?”

ಅವಳು ನನಗೆ ಹೇಳದೆ ಉಳಿಸಿದ್ದು ಬೇರೆ ಇತ್ತು. ಅವಳು ಪದೇಪದೇ ಮೂತ್ರಕ್ಕೆ ಏಳಬೇಕಾಗುತ್ತಿತ್ತು. ತೂಕವೂ ಇಳಿಯುತ್ತಿತ್ತು, ರವಿಕೆಗಳು ಸಡಿಲವಾಗುತ್ತಿದ್ದವು, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಬೇರೆ ಯಾರೇ ಆಗಿದ್ದರೂ ಸಕ್ಕರೆ ಕಾಯಿಲೆಯೇನೋ ಎಂದು ಒಮ್ಮೆ ಅನುಮಾನಪಡುತ್ತಿದ್ದರು. ಆದರೆ ಅಕ್ಕನಿಗೆ ಮೂತ್ರವೆಂದರೆ ಎಲುಬು. ತನ್ನ ಎಲುಬು ಕೊನೆಗೂ ಪೂರ್ತಿ ಕರಗಿ ಹೋಗುತ್ತಿದೆ, ತೂಕ ಇಳಿಯುತ್ತಿರುವುದೂ ಅದಕ್ಕೇ ಎಂದು ಅವಳು ನಿಶ್ಚಯ ಮಾಡಿಕೊಂಡಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ನಾನು ಹೆದರುತ್ತೇನೆ, ನನ್ನ ಮಗಳು ಹೆದರುತ್ತಾಳೆ ಎಂದುಕೊಂಡಳಂತೆ.

ಹೋಗುವುದನ್ನು ತುಂಬಬೇಕಲ್ಲ. ಅವಳು ಅಂಟಿನ ಉಂಡಿ ಕಟ್ಟಿದಳು. ಬಾಣಂತಿಯರ ಸೊಂಟ ಗಟ್ಟಿಯಾಗಲೆಂದು ನಮ್ಮ ಕಡೆ ಮಾಡುವ ಉಂಡಿ ಅದು. ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ ಸೇರಿಸಿ, ಬೆಲ್ಲದ ಪಾಕದಲ್ಲಿ ಕಟ್ಟುತ್ತಾರೆ. ಹಸಿವೂ ಹೆಚ್ಚಿತ್ತಲ್ಲ, ಅಕ್ಕ ಬೆಳಿಗ್ಗೆ ಹಾಲಿನ ಜೊತೆ ಒಂದು, ಸಂಜೆ ಇನ್ನೊಂದು, ನಡುವೆ ಕೈಗೆ ಬಂದಷ್ಟು ತಿಂದಳು. ನಾನು ಹೋದಾಗ ನನ್ನ ಕೈಗೂ ಕೊಟ್ಟಳು. “ತಿನ್ನು, ಎಲುಬಿಗೆ ಛಲೋ.” ತಿಂದೆ, ಬಹಳ ರುಚಿಯಾಗಿತ್ತು.

ಅವಳ ಬಚ್ಚಲು ಮನೆಯ ಹಿಂದೆ ಇತ್ತು. ನಡುವೆ ಕಲ್ಲು ಹಾಸಿದ ಹಿತ್ತಲು, ಅಲ್ಲಿ ಮನೆಯೊಡತಿ ಪಾತ್ರೆ ತೊಳೆಯುವುದರಿಂದ ಯಾವಾಗಲೂ ಪಸೆ. ದಿನಕ್ಕೆ ಎಷ್ಟೋ ಸಲ ಆ ಕಲ್ಲಿನ ಮೇಲೆ ಓಡಾಡಬೇಕಾಗುತ್ತಿತ್ತು. ಒಂದು ದಿನ ಹಿಮ್ಮಡಿ ಜಾರಿ, ನಳದ ಪೈಪು ಕೈಗೆ ಸಿಕ್ಕು ಉಳಿದಳು. ಅವತ್ತು ಬಹಳ ಹೊತ್ತು ಆ ಪೈಪನ್ನು ಬಿಡದೆ ನಿಂತಿದ್ದಳಂತೆ. ಒಳಗೆ ಬಂದ ಮೇಲೆ ಅವಳಿಗೆ ಒಂದು ಉಪಾಯ ಹೊಳೆಯಿತು. ನೀರು ಕುಡಿದರೆ ತಾನೇ ಏಳಬೇಕಾದದ್ದು? ಕುಡಿಯದಿದ್ದರೆ ಬಚ್ಚಲಿಗೆ ಹೋಗಬೇಕಿಲ್ಲ, ಬೀಳುವ ಭಯವಿಲ್ಲ, ಎಲುಬೂ ಅಷ್ಟರಮಟ್ಟಿಗೆ ಉಳಿಯುತ್ತದೆ. ಉರಿಬಿಸಿಲಿನ ದಿನಗಳಲ್ಲಿ, ಬಾಯಿ ಹಂಚಿನಂತೆ ಕಾದಿರುವಾಗ, ಅಕ್ಕ ನೀರಿನ ತಂಬಿಗೆಯನ್ನು ಕೈಗೆ ಸಿಗದ ಗೋಡೆಯ ಮಾಡದಲ್ಲಿ ಇಟ್ಟು ಹೊಲಿಯುತ್ತ ಕುಳಿತಳು.

ನಾನು ಅಂಗಡಿಯಲ್ಲಿದ್ದಾಗ ಮನೆಯೊಡತಿಯ ಫೋನು ಬಂತು.

“ಲಗೂ ಬರ್ರಿ. ನಿಮ್ಮ ಅಕ್ಕಾರು ಮಷಿನ್ ಮ್ಯಾಲೆ ತಲಿ ಇಟ್ಟು ಮಲಗ್ಯಾರ. ಎಬ್ಬಿಸಿದ್ರ ಏಳವಲ್ರು. ಎಲ್ಲೆರ ಬಿದ್ದು ಬಂದು ಕುಂತಾರೇನೋ ಅನ್ನಸ್ತೈತಿ.”

ಗಂಡನ ಕಾರಿನಲ್ಲಿ ಬ್ಯಾಡಗಿಗೆ ಹೋಗುವ ದಾರಿಯುದ್ದಕ್ಕೂ ನಾನು ಎಲುಬುಗಳನ್ನೇ ನೆನೆಯುತ್ತಿದ್ದೆ. ತೊಡೆಯೋ, ಸೊಂಟವೋ, ಯಾವುದು ಮುರಿದಿರಬಹುದು? ಹೋಗಿ ನೋಡಿದರೆ ಓಣಿಯವರು ಅವಳನ್ನು ಚಾಪೆಯ ಮೇಲೆ ಮಲಗಿಸಿದ್ದರು. ಅವಳ ಕಾಲು ಬಾಗಿರುವುದು ಎಲ್ಲರಿಗೂ ಗೊತ್ತಿದ್ದದ್ದೇ, ಆದರೂ ಆ ಗಾಬರಿಯಲ್ಲಿ ಯಾರೋ ಅದು ಮುರಿದಿದೆಯೆಂದು ತಿಳಿದು, ಅವಳ ಮರದ ಅಳತೆಕೋಲನ್ನೇ ಕಾಲಿಗೆ ಇಟ್ಟು ಫಾಲ್ ಬಟ್ಟೆಯಿಂದ ಸುತ್ತಿದ್ದರು. ಅವಳ ತುಟಿ ಬಿಳಿಚಿ ಒಡೆದಿತ್ತು. ಉಸಿರು ಜೋರಾಗಿ ಆಡುತ್ತಿತ್ತು. ಕರೆದರೆ ರೆಪ್ಪೆ ಸ್ವಲ್ಪ ಅಲುಗಿತು, ಕಣ್ಣು ಬಿಡಲಿಲ್ಲ.

ಹಾವೇರಿಯ ಆಸ್ಪತ್ರೆಯಲ್ಲೂ ಮೊದಲು ನೋಡಿದ್ದು ಕಾಲನ್ನೇ. ಆ ಅಳತೆಕೋಲು ನೋಡಿದವರು ಬೇರೇನು ತಾನೇ ನೋಡಿಯಾರು? ಎಕ್ಸ್‌ರೇಗೆ ಕಳಿಸಿ ಎಂದರು. ನಾನೂ ಹೂಂ ಎಂದೆ. ಸ್ಟ್ರೆಚರ್ ತಿರುಗಿಸುವ ಹೊತ್ತಿಗೆ ಡ್ಯೂಟಿಯಲ್ಲಿದ್ದ ವೈದ್ಯೆಯೊಬ್ಬರು ಬಂದರು. ವಯಸ್ಸು ಚಿಕ್ಕದು. ಅಕ್ಕನ ಬಾಯಿ ತೆರೆದು ನಾಲಿಗೆ ನೋಡಿದರು, ಕೈಯ ಚರ್ಮ ಚಿವುಟಿ ಬಿಟ್ಟು ನೋಡಿದರು.

“ಇವರಿಗೆ ಶುಗರ್ ಎಷ್ಟ ವರ್ಷದಿಂದ ಐತ್ರಿ?”

“ಶುಗರ್ ಇಲ್ರಿ ಅಕಿಗೆ. ಎಲುಬಿನ ರೋಗ ಐತ್ರಿ.”

“ಶುಗರ್ ಯಾವಾಗರ ನೋಡಸೀರೇನ್ರಿ?”

ಇಲ್ಲವೆಂದು ತಲೆಯಾಡಿಸಿದೆ. ನರ್ಸ್ ಅಕ್ಕನ ಬೆರಳು ಚುಚ್ಚಿ, ರಕ್ತದ ಹನಿಯನ್ನು ಸಣ್ಣ ಯಂತ್ರಕ್ಕೆ ಹಚ್ಚಿದಳು. ಅದರಲ್ಲಿ ಅಂಕಿ ಬರಲಿಲ್ಲ, ‘HI’ ಎಂಬ ಎರಡು ಇಂಗ್ಲಿಷ್ ಅಕ್ಷರ ಬಂತು. ಇನ್ನೊಂದು ಬೆರಳು ಚುಚ್ಚಿದಳು, ಆಗಲೂ ಅದೇ. ಯಂತ್ರ ಕೆಟ್ಟಿದೆಯೇ ಎಂದು ಕೇಳಿದೆ. ವೈದ್ಯೆ ಸಲಾಯಿನ್ ಹಚ್ಚಲು ಹೇಳುತ್ತ ನನ್ನ ಕಡೆ ನೋಡದೆಯೇ ಹೇಳಿದರು:

“ಕೆಟ್ಟಿಲ್ರಿ. ಅದರ ಅಳತಿ ಮೀರಿ ಹೋಗೈತಿ.”

ನಾನು ಪರದೆಯ ಹೊರಗೆ ಬಂದು ನಿಂತೆ. ಮುರಿದ ಎಲುಬಿನ ಭಯ ನನಗೆ ಪರಿಚಯದ್ದು. ಅದರ ಮುಂದೇನು ಎಂಬುದು ಗೊತ್ತು, ಪ್ಲಾಸ್ಟರು, ಮಂಚ, ತಿಂಗಳುಗಳು. ಈ ಭಯದ ಮುಖವನ್ನೇ ನಾನು ನೋಡಿರಲಿಲ್ಲ. ಒಳಗಿನ ರಕ್ತ ಸಕ್ಕರೆಯ ಪಾಕದಂತಾಗಿದೆ ಎಂದರೆ ಏನು ಮಾಡಬೇಕು? ಎಲ್ಲಿ ಕಟ್ಟು ಕಟ್ಟಬೇಕು? ಅವ್ವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದ ಅಕ್ಕನ ಕೈ ಕಣ್ಣ ಮುಂದೆ ಬಂತು. ಗಂಡ ಚಹಾ ತಂದುಕೊಟ್ಟ. ಅದರಲ್ಲಿ ಸಕ್ಕರೆ ಇತ್ತು. ಕುಡಿಯಲು ಆಗಲಿಲ್ಲ.

ಸಂಜೆಯ ಹೊತ್ತಿಗೆ ವೈದ್ಯೆ ನನ್ನನ್ನು ಕರೆದು ಕೂರಿಸಿದರು. ಅಕ್ಕನ ಕಾಲಿನಲ್ಲಿ ಎಲ್ಲೂ ಮುರಿದಿಲ್ಲ, ಮೈಯಲ್ಲಿ ನೀರೇ ಇಲ್ಲದಂತಾಗಿದೆ, ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿರಬಹುದು, ಈಗಲೇ ಏನೂ ಹೇಳಲಾಗದು ಎಂದರು. ನಮ್ಮ ಮನೆತನದ ರೋಗದ ಬಗ್ಗೆ ಒಂದೊಂದಾಗಿ ಕೇಳಿ ತಿಳಿದುಕೊಂಡರು. ಆಮೇಲೆ ಹೇಳಿದರು:

“ಎಲುಬಿನ ರೋಗನ ಶುಗರ್ ತಂತು ಅಂತ ನಾ ಹೇಳಂಗಿಲ್ರಿ. ಆದ್ರ ಇಂಥಾ ರೋಗ ಇದ್ದವರಿಗೆ ನಡಿಯೂದು ತ್ರಾಸ, ನೋವು, ಹೆದರಿಕಿ. ಕುಂತ್ ಕುಂತ್ ತೂಕ ಏರತೈತಿ. ಅದರ ಹಿಂದ ಬಿಪಿ ಬರತೈತಿ, ಶುಗರ್ ಬರತೈತಿ. ಇವರೊಳಗ ಅವು ಹೆಚ್ಚು ಕಾಣಸ್ತಾವು. ಎಲ್ಲಾರೂ ಕಾಲು ನೋಡತಾರ, ಉಳದದ್ದು ನೋಡೂದು ಮರೀತಾರ. ನಿಮಗೂ ಅದ ರೋಗ ಐತಲ್ರಿ? ನೀವು ನೋಡಸೀರೇನು?”

ಅವರು ಅಲ್ಲೇ ನನ್ನ ತೋಳಿಗೆ ಬಿಪಿ ಪಟ್ಟಿ ಕಟ್ಟಿದರು. “ಬಿಪಿ ಹೆಚ್ಚೈತ್ರಿ,” ಎಂದರು.

“ಹೆದರಿಕಿಗೆ ಏರಿರಬೇಕ್ರಿ,” ಎಂದೆ.

“ಇರಬಹುದು. ನಾಳೆ ಮತ್ತ ನೋಡೋಣ್ರಿ.”

ಮರುದಿನವೂ ಇಳಿದಿರಲಿಲ್ಲ. ಅದರ ಮರುದಿನವೂ ಅಷ್ಟೇ. ನನ್ನ ರಕ್ತದ ಸಕ್ಕರೆ ಇನ್ನೂ ಕಾಯಿಲೆಯಾಗಿಲ್ಲ, ಹೊಸ್ತಿಲಲ್ಲಿದೆ ಎಂದರು. ನನಗೆ ಏನೂ ನೋಯುತ್ತಿರಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. ಬಾಲ್ಯದಿಂದ ನನ್ನ ಮೈ ಏನಾದರೂ ಆದರೆ ನೋವಿನಿಂದ ಹೇಳುತ್ತಿತ್ತು. ಇದು ಎಷ್ಟು ವರ್ಷಗಳಿಂದ ಸದ್ದಿಲ್ಲದೆ ಒಳಗೇ ಕುಳಿತಿತ್ತೋ!

ಅಕ್ಕ ಪೂರ್ತಿ ಎಚ್ಚರವಾದ ದಿನ ಅವಳ ತುಟಿಗೆ ಚಮಚದಿಂದ ನೀರು ಹಾಕಿದೆ. ನುಂಗಿ, ಮೆಲ್ಲಗೆ ಕೇಳಿದಳು:

“ಎಲ್ಲಿ ಮುರೀತು?”

“ಎಲ್ಲೂ ಮುರದಿಲ್ಲಕ್ಕಾ. ನಿನಗ ಶುಗರ್ ಐತಂತ.”

ಅವಳು ನಂಬಲಿಲ್ಲ. ಹೊದಿಕೆಯೊಳಗೆ ಕೈ ಹಾಕಿ ತೊಡೆ ಮುಟ್ಟಿ ನೋಡಿಕೊಂಡಳು, ಮಂಡಿ ಮುಟ್ಟಿ ನೋಡಿಕೊಂಡಳು. ಆಮೇಲೆ ಒಂದೊಂದಾಗಿ ಎಲ್ಲ ಹೇಳಿದಳು. ಮೂತ್ರ, ಉಂಡಿ, ಹಿತ್ತಲಿನ ಕಲ್ಲು, ಮಾಡದಲ್ಲಿಟ್ಟ ತಂಬಿಗೆ. ಹೇಳಿ ಮುಗಿಸಿ ಗೋಡೆಯ ಕಡೆ ಮುಖ ತಿರುಗಿಸಿದಳು.

“ಮುರದಿದ್ರ ಕೂಡ್ತಿತ್ತವಾ,” ಎಂದಳು. “ಇದೇನು ಕೂಡೂದು ಐತೇನು?”

ಮನೆಗೆ ಕರೆತಂದದ್ದು ರಾಣೆಬೆನ್ನೂರಿಗೆ, ನನ್ನ ಹತ್ತಿರವೇ. ಅವಳು ಮತ್ತೆ ಬ್ಯಾಡಗಿಗೆ ಒಬ್ಬಳೇ ಹೋಗುವುದನ್ನು ನಾನು ಒಪ್ಪಲಿಲ್ಲ. ಆದರೆ ಅವಳು ಬಂದ ಮೇಲೆ ನನ್ನ ಭಯ ಮಗಳ ಕಡೆಗೆ ತಿರುಗಿತು. ಹುಡುಗಿ ಎಂಟನೆಯ ತರಗತಿ. ಔಷಧ ಕುಡಿಯುತ್ತಾಳೆ, ಕಾಲು ಹೆಚ್ಚು ಬಾಗಿಲ್ಲ, ಸಾಕು ಎಂದುಕೊಂಡಿದ್ದೆವು. ಆಟದ ಪೀರಿಯಡ್ಡಿನಲ್ಲಿ ಅವಳನ್ನು ಕೂರಿಸಿ ಎಂದು ಶಾಲೆಗೆ ಹೋಗಿ ಹೇಳಿ ಬಂದವರು ನಾವೇ. ಓಡದ ಹುಡುಗಿ ತನ್ನ ಓರಗೆಯವರಿಗಿಂತ ಗುಂಡಗಿದ್ದಳು, ಅದನ್ನು ನಾವು ಆರೋಗ್ಯ ಎಂದಿದ್ದೆವು.

ಅವಳ ರಕ್ತ ತಪಾಸಣೆಗೆ ಕೊಟ್ಟ ದಿನ ನನಗೆ ಬಿಲ್ಲುಗಳ ಮೇಲೆ ಗಮನ ನಿಲ್ಲಲಿಲ್ಲ. ಸೌತೆ ಬೀಜ ಕೇಳಿದವರಿಗೆ ಹೀರೆಯ ಬಿಲ್ಲು ಮಾಡಿದೆ. ಲ್ಯಾಬಿನಿಂದ ವರದಿ ತಂದ ಗಂಡ ಅಂಗಡಿಯ ಬಾಗಿಲಲ್ಲಿ ನಿಂತಾಗ, ಅವನ ಮುಖ ನೋಡಲಾರದೆ ಕಣ್ಣು ತಗ್ಗಿಸಿದೆ.

“ಎಲ್ಲಾ ಸರಿ ಐತಿ,” ಎಂದ. ಆಮೇಲೆ, “ಸದ್ಯಕ್ಕ,” ಎಂದು ಸೇರಿಸಿದ. ಅವಳ ಡಾಕ್ಟರೂ ಅದನ್ನೇ ಹೇಳಿದರು. ತೂಕ ಹೆಚ್ಚಿದೆ, ಅದನ್ನು ಇಳಿಸಬೇಕು, ಎಲುಬಿನ ಜೊತೆ ಬಿಪಿ, ಶುಗರ್, ಕೊಬ್ಬು ಇವನ್ನೂ ವರ್ಷವರ್ಷ ನೋಡುತ್ತಿರಬೇಕು.

ಹಾಗಾದರೆ ನಡೆಯಬೇಕು. ಅಕ್ಕನಿಗೆ ನಡೆಯಿರಿ ಎಂದು ಹೇಳುವುದು ಸುಲಭ. ಮನೆಯ ಮುಂದಿನ ರಸ್ತೆಗೆ ಇಳಿಸಿದರೆ ಅವಳ ಉಗುರು ನನ್ನ ತೋಳಿನಲ್ಲಿ ನಾಟುತ್ತಿತ್ತು. ಒಂದು ಬೈಕು ಹಾದುಹೋದರೆ ಸಾಕು, ಕಂಬದಂತೆ ನಿಂತುಬಿಡುತ್ತಿದ್ದಳು. ಅವಳ ತೊಡೆಯಲ್ಲಿ ಹಳೆಯ ಬಿರುಕು ಇದ್ದದ್ದೂ ನಿಜ. ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಯವರು ಎಕ್ಸ್‌ರೇಗಳನ್ನೆಲ್ಲ ನೋಡಿ, ಇವರು ನೀರಿನೊಳಗೆ ನಡೆಯಲಿ ಎಂದರು. ಸೊಂಟದ ತನಕ ನೀರಿದ್ದರೆ ಮೈಭಾರ ಎಲುಬಿನ ಮೇಲೆ ಅಷ್ಟು ಬೀಳುವುದಿಲ್ಲ. ತಳ ಮಾತ್ರ ಸಮನಾಗಿರಬೇಕು, ಜಾರಬಾರದು, ಹಿಡಿದುಕೊಳ್ಳಲು ಏನಾದರೂ ಇರಬೇಕು.

ಮೇಡ್ಲೇರಿಯಲ್ಲಿ ನನ್ನ ಭಾವನವರ ಹೊಲವಿದೆ. ಅಲ್ಲಿ ಪಂಪ್‌ಸೆಟ್ಟಿನ ನೀರು ಬೀಳಲು ಕಟ್ಟಿಸಿದ ಸಿಮೆಂಟಿನ ತೊಟ್ಟಿ ಇದೆ, ಚೌಕಾಕಾರದ್ದು. ಗಂಡ ಅದನ್ನು ಬರಿದು ಮಾಡಿಸಿ, ಪಾಚಿಯನ್ನೆಲ್ಲ ತಿಕ್ಕಿಸಿ, ಸೊಂಟಮಟ್ಟ ನೀರು ಬಿಡಿಸಿದ. ಸುತ್ತ ಪೈಪಿನ ಹಿಡಿಕೆ ಹಾಕಿಸಿದ, ಇಳಿಯಲು ಅಗಲವಾದ ಮೆಟ್ಟಿಲು ಕಟ್ಟಿಸಿದ. ಒಂದು ರವಿವಾರ ಬೆಳಿಗ್ಗೆ ಅಕ್ಕನನ್ನು ಕರೆದುಕೊಂಡು ಹೋದೆವು.

ತೊಟ್ಟಿಯ ಅಂಚಿಗೆ ಬಂದವಳೇ ಅವಳು ಕುಳಿತುಬಿಟ್ಟಳು.

“ಬ್ಯಾಡವಾ. ಕಾಲು ಜಾರಿದ್ರ ಮುಗೀತು. ನೀರಾಗ ಮುರದ್ರ ಮುಳಗೇ ಹೋಗ್ತೇನಿ.”

“ನಾ ಇಳೀತೇನಿ ಮೊದಲ. ನನ್ನ ಕಾಲೂ ನಿನ್ನಂಥವ ಅದಾವಲ್ಲ?”

ಇಳಿಯುವಾಗ ನನಗೇನು ಧೈರ್ಯವಿತ್ತೆ? ಚೂಡಿದಾರದ ಕಾಲು ಒದ್ದೆಯಾಗಿ ಮೈಗಂಟಿತು, ತಳಕ್ಕೆ ಪಾದ ಊರುವವರೆಗೆ ಉಸಿರು ಹಿಡಿದಿದ್ದೆ. ಊರಿತು. ಒಂದು ಹೆಜ್ಜೆ ಇಟ್ಟೆ. ಮಂಡಿಯಲ್ಲಿ ಯಾವತ್ತೂ ಇರುವ ಚಳುಕು ಬರಲಿಲ್ಲ. ಇನ್ನೊಂದು ಇಟ್ಟೆ. ಅಕ್ಕ ಮೇಲಿನಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ಅರ್ಧ ತಾಸು ಹಟ ಮಾಡಿ ಕೊನೆಗೆ ಕೂತ ಹಾಗೆಯೇ ಮೆಟ್ಟಿಲಿಂದ ಮೆಟ್ಟಿಲಿಗೆ ಜರುಗಿ ಇಳಿದಳು. ನೀರು ಸೊಂಟಕ್ಕೆ ಬಂದಾಗ ಕೂಗಿಕೊಂಡಳು. ಹೊಲದಲ್ಲಿದ್ದವರು ಓಡಿ ಬಂದರು. ಏನೂ ಆಗಿರಲಿಲ್ಲ, ತನ್ನ ಕಾಲು ತನಗೆ ಹಗುರವೆನಿಸಿದ್ದು ಅವಳನ್ನು ಹೆದರಿಸಿತ್ತು. ಎಲುಬು ಹೋಗಿಬಿಟ್ಟಿತೇನೋ ಎಂದುಕೊಂಡೆ ಎಂದು ಆಮೇಲೆ ಹೇಳಿದಳು.

ಅವತ್ತು ಹಿಡಿಕೆ ಹಿಡಿದು ಒಂದು ಬದಿ ಮಾತ್ರ ನಡೆದಳು. ಈಗ ವಾರದಲ್ಲಿ ಮೂರು ದಿನ ಗಂಡ ಬೆಳಿಗ್ಗೆ ನಮ್ಮನ್ನು ಕಾರಿನಲ್ಲಿ ಬಿಡುತ್ತಾನೆ. ಮಗಳೂ ರಜೆಯ ದಿನ ಬರುತ್ತಾಳೆ. ಶಾಲೆಯಲ್ಲೂ ಈಗ ಅವಳು ಡಾಕ್ಟರು ಒಪ್ಪಿದ ಆಟಗಳನ್ನು ಆಡುತ್ತಾಳೆ. ಅಕ್ಕ ಹೊಟ್ಟೆಗೆ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ನಾನು ಬಿಪಿ ಗುಳಿಗೆ ನುಂಗುತ್ತೇನೆ. ಇಬ್ಬರ ತೂಕವೂ ಸ್ವಲ್ಪ ಇಳಿದಿದೆ. ಅಕ್ಕನ ಮೂತ್ರಪಿಂಡಗಳು ಚೇತರಿಸಿಕೊಂಡಿವೆ, ಪೂರ್ತಿಯಲ್ಲ.

ಭಯ ಹೋಗಿದೆ ಎಂದರೆ ಸುಳ್ಳು. ಒಮ್ಮೆ ಅಡುಗೆಮನೆಯಲ್ಲಿ ಅವಳು ಬೆವರಿ ನಡುಗಿದಾಗ, ಸಕ್ಕರೆ ತೀರ ಇಳಿದಿದೆ ಎಂದು ತಿಳಿದು ಬಾಯಿಗೆ ಬೆಲ್ಲ ಹಾಕಲು ಹೋದೆ. ಅವಳು ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡಳು. ಬೆಲ್ಲ ಅವಳಿಗೆ ಈಗ ವಿಷ. ಇದೊಂದು ಸಲ ಔಷಧ ಎಂದು ಬೇಡಿಕೊಂಡು, ಬೈದು, ತಿನ್ನಿಸಬೇಕಾಯಿತು.

ಕಳೆದ ತಿಂಗಳು ಅವಳ ಕಣ್ಣು ತೋರಿಸಲು ದಾವಣಗೆರೆಗೆ ಹೋಗಿದ್ದೆವು. ಸೂಜಿಗೆ ದಾರ ಪೋಣಿಸುವಾಗ ಮಂಜಾಗುತ್ತದೆ ಎಂದಿದ್ದಳು. ಕಣ್ಣಿಗೆ ಔಷಧದ ಹನಿ ಹಾಕಿ ಕೂರಿಸಿದರು, ಬಹಳ ಹೊತ್ತು ಬೆಳಕು ಬಿಟ್ಟು ನೋಡಿದರು. ಕಣ್ಣಿನ ಹಿಂದಿನ ಪರದೆಯಲ್ಲಿ ಸಣ್ಣದಾಗಿ ಸೋರಿಕೆ ಶುರುವಾಗಿದೆ, ಸದ್ಯಕ್ಕೆ ಏನೂ ಮಾಡುವುದು ಬೇಡ, ಸಕ್ಕರೆ ಹತೋಟಿಯಲ್ಲಿಡಿ, ಆರು ತಿಂಗಳಿಗೆ ಮತ್ತೆ ಬನ್ನಿ ಎಂದರು.

ತಿರುಗಿ ಬರುವ ಬಸ್ಸಿನಲ್ಲಿ ಅವಳಿಗೆ ಬಿಸಿಲು ನೋಡಲು ಆಗುತ್ತಿರಲಿಲ್ಲ. ಸೆರಗನ್ನು ಕಣ್ಣಿನ ಮೇಲೆ ಹಾಕಿಕೊಂಡು ಕುಳಿತಿದ್ದಳು. ಕುಮಾರಪಟ್ಟಣ ದಾಟಿದ ಮೇಲೆ ಕೇಳಿದಳು:

“ಎಲ್ಲಿಗೆ ಬಂದ್ವಿ?”

ಹೇಳಿದೆ. ಆಗ ಅಂದಳು, “ನಾಳೆ ಮೇಡ್ಲೇರಿಗೆ ಹೋಗೂದು ಐತಲ್ಲ? ಒದ್ದೀ ಅರಿವಿ ಹಾಕ್ಕೊಂಡು ಬರಾಕ ಒಂದು ಚೀಲ ಹೊಲೀಬೇಕು. ಕಣ್ಣು ಇನ್ನೂ ಕಾಣೂವಾಗನ ಹೊಲದು ಇಡ್ತೇನಿ.”

ನಾನು ಹೂಂ ಎಂದೆ. ಅವಳ ಕೈ ನನ್ನ ಮಣಿಕಟ್ಟಿನ ಮೇಲಿತ್ತು. ಅಂಗೈ ತಣ್ಣಗಿತ್ತು, ಅವತ್ತು ಅಡುಗೆಮನೆಯಲ್ಲಿ ಆದಂತೆಯೇ ಬೆವರಿತ್ತು. ಕೈಚೀಲದಿಂದ ಸಕ್ಕರೆ ನೋಡುವ ಯಂತ್ರ ತೆಗೆದು, ಅಲುಗುವ ಬಸ್ಸಿನಲ್ಲೇ ಅವಳ ಬೆರಳು ಚುಚ್ಚಿ, ಅಂಕಿ ಮೂಡುವುದನ್ನು ಕಾಯುತ್ತ ಕುಳಿತೆ.